ಹೊಟ್ಟೆಯ ನೀರು ತೆಗೆಸಿದರೆ ಸಾಲದು, ಕುಡಿತಕ್ಕೂ ಮದ್ದು ಮಾಡಿಸಿ

ಕಡಿಯಾಳಿ, ಮಣಿಪಾಲ, ಕಾಪು, ಕಾರ್ಕಳದ ಬಂಧುಗಳೇ,

ಕುಡಿಯುವವರ ಕಣ್ಣು ಹಳದಿಯಾದರೆ ಮೊದಲು ಕಾಮಾಲೆಯ ಹಳ್ಳಿಮದ್ದು. ಹೊಟ್ಟೆ ಉಬ್ಬಿದ ಮೇಲೆ ಆಸ್ಪತ್ರೆ. ನೀರು ತೆಗೆಸಿ, ‘ಇನ್ನು ಕುಡಿಯಬೇಡ’ ಎಂಬ ಬುದ್ಧಿಮಾತು ಕೇಳಿಸಿಕೊಂಡು ಮನೆಗೆ. ಸ್ವಲ್ಪ ದಿನಕ್ಕೆ ಮತ್ತೆ ಅದೇ ವಾರ್ಡು. ಲಿವರಿಗೆ ಮದ್ದಾಯಿತು, ಕುಡಿತಕ್ಕೆ ಆಗಲಿಲ್ಲ. ಎರಡಕ್ಕೂ ಒಟ್ಟಿಗೇ ಚಿಕಿತ್ಸೆ ಆಗಬೇಕು ಎಂಬುದೇ ನಮ್ಮ ವಾದ.

ಒಂದು ಕ್ವಾರ್ಟರ್, ಅಂದರೆ 180 ಮಿ.ಲೀ. ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಆಲ್ಕೋಹಾಲ್ ಇದೆ. ದಿನವೂ ಇಷ್ಟು ಕುಡಿದರೆ ಲಿವರಿನಲ್ಲಿ ಮೊದಲು ಕೊಬ್ಬು ತುಂಬುತ್ತದೆ. ನೋವಿರುವುದಿಲ್ಲ. ಆಗಲೇ ಕುಡಿತ ಬಿಟ್ಟರೆ ಕೆಲವು ವಾರಗಳಲ್ಲೇ ಲಿವರ್ ಸುಧಾರಿಸುತ್ತದೆ. ಬಿಡದಿದ್ದರೆ ಉರಿಯೂತ, ಬಳಿಕ ಲಿವರ್ ಗಂಟುಗಂಟಾಗಿ ಗಟ್ಟಿಯಾಗುವ ಸಿರೋಸಿಸ್. ಅದರೊಳಗೆ ಹರಿಯಲಾರದ ರಕ್ತ ಅನ್ನನಾಳದ ನಾಳಗಳನ್ನು ಉಬ್ಬಿಸುತ್ತದೆ. ಅವು ಒಡೆದರೆ ರಕ್ತವಾಂತಿ. ಲಿವರ್ ಸೋಸದೆ ಬಿಟ್ಟ ವಿಷ ಮಿದುಳಿಗೇರಿದರೆ ಹಗಲು ನಿದ್ದೆ, ರಾತ್ರಿ ಎಚ್ಚರ, ತೊದಲುಮಾತು. ಮನೆಯವರು ಇದನ್ನೂ ಅಮಲೆಂದೇ ತಿಳಿಯುತ್ತಾರೆ. ಈ ಹಂತದಲ್ಲೂ ಕುಡಿತ ಬಿಟ್ಟವರಿಗೆ ಬಿಡದವರಿಗಿಂತ ಬದುಕುವ ಅವಕಾಶ ಹೆಚ್ಚು.

2007ರ ಜುಲೈಯಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. ದೈವದೆದುರು ಆಣೆ ಹಾಕಿಸಿಯೂ ನೋಡಿದ್ದೇವೆ. ಆಣೆ ಇರಲಿ, ಜೊತೆಗೆ ಮದ್ದೂ ಇರಲಿ.

• ದಿನವೂ ಕುಡಿಯುವವರನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಬೇಡಿ. ಫಿಟ್ಸ್, ಭ್ರಮೆ ಬಂದು ಜೀವಕ್ಕೇ ಅಪಾಯ. ವೈದ್ಯರ ನಿಗಾದಲ್ಲಿ ಬಿಡಿಸಿ.
• ಕುಡಿತ ಬಿಡಿಸುವ ಮಾತ್ರೆಯನ್ನು ಗುಟ್ಟಾಗಿ ಸಾರಿಗೆ ಬೆರೆಸಬೇಡಿ. ಅಂಥ ಕೆಲವು ಮಾತ್ರೆ ಲಿವರನ್ನೇ ಕೆಡಿಸುತ್ತವೆ.
• ಹೊಟ್ಟೆಯಲ್ಲಿ ನೀರಿದ್ದರೆ ಗಂಜಿಯ ಜೊತೆ ಉಪ್ಪಿನಕಾಯಿ, ಒಣಮೀನು ಬೇಡ. ಉಪ್ಪಿನಿಂದ ನೀರು ಹೆಚ್ಚುತ್ತದೆ. ಪಥ್ಯವೆಂದು ಬರೀ ಗಂಜಿಯೂ ಬೇಡ. ಬೇಳೆ, ಮೊಟ್ಟೆ, ಬೇಯಿಸಿದ ತಾಜಾ ಮೀನು ಕೊಡಿ.
• ರಕ್ತವಾಂತಿ, ಡಾಂಬರಿನಂಥ ಕಪ್ಪು ಮಲ, ಮಂಪರು ಕಂಡರೆ ತಡಮಾಡದೆ 108ಕ್ಕೆ ಕರೆ ಮಾಡಿ.

ದೂರ ಹೋಗಬೇಕಿಲ್ಲ. ಲಿವರಿಗೆ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ ಇದೆ. ಕುಡಿತ ಬಿಡಿಸಲು ದೊಡ್ಡಣಗುಡ್ಡೆಯ ಡಾ. ಎ.ವಿ. ಬಾಳಿಗಾ ಸ್ಮಾರಕ ಆಸ್ಪತ್ರೆ ಇದೆ. ಹೊರಗೆ ಹೇಳಿಕೊಳ್ಳಲು ನಾಚಿಕೆಯಾದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಉಚಿತ.

ಡಿಸ್ಚಾರ್ಜ್ ದಿನ ಬಿಲ್ಲು ಕಟ್ಟುವ ಮೊದಲು ವೈದ್ಯರನ್ನು ಕೇಳಿ: ‘ಕುಡಿತ ಬಿಡಿಸಲು ಯಾರನ್ನು ಕಾಣಬೇಕು, ಯಾವತ್ತು?’ ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಂಡೇ ಹೊರಡಿ.

ಓದಿ, ನೆರೆಮನೆಗೂ ಕೊಡಿ.