ಕೊಡಲಿಗೆ ಮೊದಲು ಕಸಿಚಾಕು

ಮುಂಬಯಿಯ ಉಪನಗರಗಳಲ್ಲಿ ಹಳೆಯ ಸೊಸೈಟಿಗಳು ಒಂದೊಂದಾಗಿ ನೆಲಸಮವಾಗುತ್ತಿವೆ. ಮುಲುಂಡ್, ಚೆಂಬೂರು, ಗೋರೆಗಾಂವ್, ಡೊಂಬಿವಲಿ - ನಮ್ಮವರಿರುವಲ್ಲೆಲ್ಲ ಬಿಲ್ಡರರ ಫಲಕ ಎದ್ದಿದೆ. ಇದಕ್ಕೆ ನಮ್ಮ ಆಕ್ಷೇಪವಿಲ್ಲ. ನಾಲ್ಕು ಮಹಡಿ ಹತ್ತಿ ಮಂಡಿ ಸವೆಸಿಕೊಂಡ ಹಿರಿಯರಿಗೆ ಲಿಫ್ಟು ಬೇಡವೆನ್ನಲು ನಾವಾರು? ನಮ್ಮ ತಕರಾರು ಬೇರೆ. ಕಾರ್ಪೆಟ್ ಏರಿಯಾಕ್ಕಾಗಿ ಸಭೆಯಲ್ಲಿ ಮಧ್ಯರಾತ್ರಿಯವರೆಗೆ ಕಾದಾಡುವ ನಾವು, ಅಂಗಳದ ಮಾವು ಹಲಸುಗಳ ಮಾತು ಬಂದೊಡನೆ ಕೈಯೆತ್ತಿ ಮುಂದಿನ ವಿಷಯಕ್ಕೆ ಹಾರುತ್ತೇವೆ. ‘ಬದಲಿಗೆ ಗಿಡ ನೆಡುತ್ತಾರಲ್ಲ!’ ಎಂಬುದೊಂದು ಸಮಾಧಾನ.

ನೆಡುತ್ತಾರೆ, ನಿಜ. ಮಹಾರಾಷ್ಟ್ರದಲ್ಲಿ ನಗರದ ಮರಗಳ ರಕ್ಷಣೆಗೆ 1975ರ ಕಾಯಿದೆಯಿದೆ. 2021ರ ತಿದ್ದುಪಡಿ 50 ವರ್ಷ ಮೀರಿದ ಮರವನ್ನು ಪಾರಂಪರಿಕ ವೃಕ್ಷವೆಂದು ಕರೆದು, ಕಡಿದ ಮರದ ವಯಸ್ಸಿನಷ್ಟು ಸಸಿ ನೆಡಬೇಕೆಂದಿತು. ಒಳ್ಳೆಯದೇ. ಆದರೆ ಕಾನೂನು ತಲೆ ಎಣಿಸುತ್ತದೆ, ರುಚಿ ನೋಡುವುದಿಲ್ಲ. 60 ಸಸಿ ನೆಟ್ಟರೂ ಆ ಒಂದು ಹಲಸು ಮರಳಿ ಬಾರದು. ಅದರ ಬೀಜ ಬಿತ್ತಿದರೂ ಬಾರದು. ಪರಾಗ ಬೆರೆತು ಹುಟ್ಟಿದ ಸಸಿ ತಾಯಿಯನ್ನೇ ಹೋಲಬೇಕೆಂದಿಲ್ಲ. ಬುಡಸಮೇತ ಕಿತ್ತು ಕ್ರೇನಿನಲ್ಲಿ ತೂಗಿಸಿ ಬೇರೆಡೆ ನೆಟ್ಟ ಮುದಿಮರ ಚಿಗುರುವುದಂತೂ ಅದೃಷ್ಟದ ಮಾತು.

ಉಳಿಯುವ ದಾರಿ ಕಸಿ. ‘ಹಳೇ ಮರ ಹೋದರೆ ಹೋಗಲಿ, ಪೇಟೆಯಲ್ಲಿ ಆಪೂಸು ಸಿಗುತ್ತದೆ’ ಎನ್ನುವವರು ಸ್ವಲ್ಪ ಯೋಚಿಸಲಿ: ಆ ಆಪೂಸು ಇಂದಿಗೂ ಇರುವುದೇ ಶತಮಾನಗಳಿಂದ ಯಾರೋ ಕಡ್ಡಿ ಕತ್ತರಿಸಿ ಕಸಿ ಕಟ್ಟುತ್ತ ಬಂದದ್ದರಿಂದ. ಇತ್ತ ಮಝಗಾಂವಿನ ಮಾವಿನ ತೋಪುಗಳ ಕೀರ್ತಿ 1817ರಲ್ಲೇ ಥಾಮಸ್ ಮೂರ್ ಎಂಬ ಐರಿಷ್ ಕವಿಯ ಕಾವ್ಯವನ್ನು ಸೇರಿತ್ತು. ಇಂದು ಅಲ್ಲಿರುವುದು ಹಡಗುಕಟ್ಟೆ. ನಮ್ಮ ನಾಡಿನದೇ ಉದಾಹರಣೆ ಬೇಕೆ? ತುಮಕೂರು ಜಿಲ್ಲೆಯ ಚೇಳೂರಿನಲ್ಲಿ ಸಿದ್ದಪ್ಪನವರು ನೆಟ್ಟ ಕೆಂಪುತೊಳೆಯ ಹಲಸು ಒಂದೇ ಒಂದು ಮರವಾಗಿತ್ತು. 2017ರಲ್ಲಿ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅವರ ಮಗ ಪರಮೇಶರೊಡನೆ ಒಪ್ಪಂದ ಮಾಡಿಕೊಂಡು ಕಸಿಗಿಡ ಬೆಳೆಸಿತು. ‘ಸಿದ್ದು’ ಹಲಸು ಈಗ ಎಷ್ಟೋ ತೋಟಗಳಲ್ಲಿದೆ.

ಇದಕ್ಕೆ ಬೇಕಾದುದು ಹಣವಲ್ಲ, ಒಂದು ಮಳೆಗಾಲ. ಮುದಿಮರದಲ್ಲಿ ಎಳೆಯ ಕಡ್ಡಿ ವಿರಳ. ಆದ್ದರಿಂದ ಮೊದಲೇ ಒಂದೆರಡು ಕೊಂಬೆ ಸವರಿ ಚಿಗುರು ಬರಿಸಬೇಕು. ಪೆನ್ಸಿಲ್ ಗಾತ್ರದ ಕಡ್ಡಿಗಳ ಎಲೆಯನ್ನು ವಾರದ ಮುಂಚೆ ತೊಟ್ಟುಳಿಸಿ ಕತ್ತರಿಸಿ, ಮೊಗ್ಗು ಉಬ್ಬಿದಾಗ ಕೊಯ್ದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಬೇಗನೆ ಅದೇ ಜಾತಿಯ ಸಸಿಗೆ ಕಟ್ಟಬೇಕು. ಪೇರಳೆಗೆ ಗೂಟಿ ಸಾಕು. ಊರಿನ ನರ್ಸರಿಗಳಲ್ಲಿ ಇದನ್ನು ಬಲ್ಲವರಿದ್ದಾರೆ. ನಮ್ಮಲ್ಲೂ ತೋಟದ ಮನೆಯಿಂದ ಬಂದವರಿಗೆ ಕೈ ಮರೆತಿರಲಾರದು.

ಎಲ್ಲವನ್ನೂ ಊರಿಗೆ ಸಾಗಿಸಬೇಕೆಂಬ ಹಟವೂ ಬೇಡ. ಬೀಗ ಹಾಕಿದ ಮನೆಯ ಅಂಗಳದಲ್ಲಿ ನೀರೆರೆಯುವವರು ಯಾರು? ವಸಯಿಯ ವಾಡಿಯಾಗಲಿ, ಶಾಲೆಯ ಬಯಲಾಗಲಿ, ಹೊಸ ಕಟ್ಟಡದ್ದೇ ಮೂಲೆಯಾಗಲಿ, ಮೂರು ಕಡೆ ಮೂರು ಗಿಡವಿರಲಿ.

ಸಭೆ ಇನ್ನೂ ನಡೆಯದ ಸೊಸೈಟಿಗಳ ಸದಸ್ಯರಿಗೆ ನಮ್ಮ ಒತ್ತಾಯವಿಷ್ಟೆ: ಬಿಲ್ಡರನ ಕರಾರಿನಲ್ಲಿ ಪಾರ್ಕಿಂಗ್ ಕಲಮಿನ ಪಕ್ಕದಲ್ಲೇ ಇನ್ನೊಂದು ಸಾಲು ಬರೆಸಿ - ಕಸಿಗಿಡಗಳು ಚಿಗುರಿದ್ದನ್ನು ಸದಸ್ಯರು ನೋಡುವವರೆಗೆ ಹಣ್ಣಿನ ಮರಗಳಿಗೆ ಕೊಡಲಿ ತಾಗಕೂಡದು.