ಫೋರ್ ಹೈ ಬಿಡ್ತಿಲ್ಲ ಅಂದ್ರೆ ಡ್ರೈವರ್ ಯಾಕೆ ದಂಡ ಕಟ್ಟಬೇಕು?

1/9
ಈ ಫೋಟೋದಲ್ಲಿರೋದು ನಮ್ಮ ದೊಡ್ಡಪ್ಪನ ಜೀಪಿನ ಸಣ್ಣ ಲಿವರ್. ಗೇರ್ ಲಿವರ್ ಪಕ್ಕದಲ್ಲಿ ಇರುತ್ತಲ್ಲ, ಅದೇ. ಟೂ ಹೈ, ಫೋರ್ ಹೈ, ನ್ಯೂಟ್ರಲ್, ಫೋರ್ ಲೋ. ಹೋದ ತಿಂಗಳು ಇದು ಫೋರ್ ಹೈನಲ್ಲಿ ಕೂತಿದ್ದು ಮೂರು ದಿನ ಅಲ್ಲಾಡಲಿಲ್ಲ. ಗ್ಯಾರೇಜಿನವರು 45,000 ರೂಪಾಯಿ ಆಗುತ್ತೆ ಅಂದ್ರು. ದೊಡ್ಡಪ್ಪ, ಡ್ರೈವರ್ ಅಣ್ಣನ ಸಂಬಳದಲ್ಲಿ ತಿಂಗಳಿಗೆ 2,000 ಹಿಡೀತೀನಿ ಅಂದ್ರು. ಕೊನೆಗೆ ಲಿವರ್ ಬಿಡಿಸೋಕೆ ಆದ ಖರ್ಚು ಸೊನ್ನೆ. ತಪ್ಪು ಮಾಡಿದ್ದು ಡ್ರೈವರ್ ಅಣ್ಣ ಅಲ್ಲ, ನಾನು.

ಉದ್ದ ಇದೆ, ಆದ್ರೂ ಓದಿ. ನಿಮ್ಮಲ್ಲಿ ಅರ್ಧ ಜನ ಫೋರ್ ಬೈ ಫೋರ್ ಸ್ಟಿಕರ್ ನೋಡಿದ್ರೆ ಸಾಕು, ಫೋನ್ ತೆಗೀತೀರಿ. ನಾನೂ ಹಾಗೇ ಇದ್ದೆ.

2/9
ಏನಾಯ್ತು ಅಂತ ಮೊದಲು ಹೇಳಿಬಿಡ್ತೀನಿ. ಭಾನುವಾರ ಬೆಳಿಗ್ಗೆ ಜೀಪ್ ತಗೊಂಡು ಕೊಟ್ಟಿಗೆಹಾರಕ್ಕೆ ಹೋದೆ, ನೀರ್ ದೋಸೆ ತಿಂದೆ, ಚಾರ್ಮಾಡಿ ಘಾಟಿ ಇಳಿದೆ. ಬಿಸಿಲು, ಒಣ ಟಾರ್ ರೋಡು, ಒಂದು ಹನಿ ನೀರಿಲ್ಲ. ಆದ್ರೂ ಫೋರ್ ಹೈ ಹಾಕಿದ್ದೆ. ಯಾಕೆ? ಡ್ಯಾಶ್‌ಬೋರ್ಡಲ್ಲಿ ಹಸಿರು ಲೈಟ್ ಹತ್ತಿದ್ದು ರೀಲ್‌ನಲ್ಲಿ ಚೆನ್ನಾಗಿ ಕಾಣುತ್ತೆ ಅಂತ. ಅಷ್ಟೇ ಮಾರಾಯ್ರೆ, ಬೇರೆ ಕಾರಣ ಇಲ್ಲ.

ವಾಪಸ್ ಬರುವಾಗ ತಿರುವುಗಳಲ್ಲಿ ಸ್ಟೀರಿಂಗ್ ಬಿಗಿಯಾಯ್ತು, ಗಾಡಿ ಯಾರೋ ಹಿಂದಿಂದ ಹಿಡಿದು ಎಳೆದ ಹಾಗೆ ತಡೀತಿತ್ತು. ಮನೆ ಹತ್ತಿರ ಟೂ ಹೈಗೆ ಎಳೆದೆ, ಬರಲಿಲ್ಲ. ಇನ್ನೂ ಜೋರಾಗಿ ಎಳೆದೆ, ಆಗಲೂ ಬರಲಿಲ್ಲ. ಶೆಡ್ಡಲ್ಲಿ ನಿಲ್ಲಿಸಿ, ಕೀ ಮೊಳೆಗೆ ನೇತುಹಾಕಿ, ಸಂಜೆ ಬಸ್ಸಿಗೆ ಹಾಸ್ಟೆಲ್‌ಗೆ ಬಂದುಬಿಟ್ಟೆ. ಯಾರಿಗೂ ಒಂದು ಮಾತು ಹೇಳಲಿಲ್ಲ.

3/9
ಸೋಮವಾರ ಹೋಂಸ್ಟೇ ಗೆಸ್ಟ್‌ಗಳು ಕಾಯ್ತಿದ್ರು. ಡ್ರೈವರ್ ಅಣ್ಣ ಲಿವರ್ ಎಳೆದ್ರು, ಬರಲಿಲ್ಲ. "ಸ್ವಲ್ಪ ರಿವರ್ಸ್ ತಗೊಂಡು ನೋಡ್ತೀನಿ ಸಾವ್ಕಾರ್ರೆ" ಅಂದ್ರು. "ಮುಟ್ಬೇಡ, ಇನ್ನೂ ಹಾಳು ಮಾಡ್ತೀಯ" ಅಂತ ಉತ್ತರ ಬಂತು. ಗ್ಯಾರೇಜಿಂದ ಒಬ್ಬರು ಬಂದ್ರು. ಲಿವರನ್ನ ಒಂದೇ ಸಲ ಎಳೆದು ನೋಡಿ ಟ್ರಾನ್ಸ್‌ಫರ್ ಕೇಸ್ ಹೋಗಿದೆ, ಬಿಚ್ಚಬೇಕು, 45,000 ಅಂದ್ರು. ಗಾಡಿ ಕೆಳಗೆ ಬಗ್ಗಿ ನೋಡಲಿಲ್ಲ, ಟೈರ್ ನೋಡಲಿಲ್ಲ, ಯಾವ ರೋಡಲ್ಲಿ ಓಡಿಸಿದ್ರಿ ಅಂತ ಕೇಳಲಿಲ್ಲ.

ಹದಿನೆಂಟು ವರ್ಷ ಘಾಟಿಯಲ್ಲಿ ಸ್ಟೀರಿಂಗ್ ಹಿಡಿದವರ ಮಾತಿಗೆ ಬೆಲೆ ಇಲ್ಲ. ಎರಡು ನಿಮಿಷ ನಿಂತು ಹೋದವರ ಮಾತಿಗೆ 45,000 ಬೆಲೆ. ನನಗೆ ಸಿಟ್ಟು ಬರೋದು ಇಲ್ಲೇ. ಆದ್ರೆ ಆ ಸಿಟ್ಟು ಮೊದಲು ನನ್ನ ಮೇಲೇ ಬರಬೇಕು, ಯಾಕಂದ್ರೆ ಮೂರು ದಿನ ಬಾಯಿ ಮುಚ್ಚಿಕೊಂಡಿದ್ದವನು ನಾನು.

4/9
ಈಗ ವಿಷಯಕ್ಕೆ ಬನ್ನಿ. ಲಿವರ್ ಯಾಕೆ ಸಿಕ್ಕಿಹಾಕ್ಕೊಳ್ಳುತ್ತೆ?

ನಮ್ಮ ಕಡೆಯ ಜೀಪುಗಳಲ್ಲಿ ಇರೋದು ಪಾರ್ಟ್ ಟೈಮ್ ಫೋರ್ ವೀಲ್ ಡ್ರೈವ್. ಮಧ್ಯದಲ್ಲಿ ಡಿಫರೆನ್ಷಿಯಲ್ ಇಲ್ಲ. ಫೋರ್ ಹೈ ಹಾಕಿದ ತಕ್ಷಣ ಮುಂದಿನ ಶಾಫ್ಟು, ಹಿಂದಿನ ಶಾಫ್ಟು ಎರಡೂ ಲಾಕ್ ಆಗಿ ಒಂದೇ ವೇಗದಲ್ಲಿ ತಿರುಗಲೇಬೇಕು. ಆದ್ರೆ ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ಸುತ್ತು ಹಾಕುತ್ತವೆ.

ಲೆಕ್ಕ ಹಾಕೋಣ, ಬಿಕಾಂ ಓದಿದ್ದು ಸಾರ್ಥಕ ಆಗಲಿ. ವೀಲ್‌ಬೇಸ್ 2.45 ಮೀಟರ್ ಅಂದ್ಕೊಳ್ಳಿ. ಹಿಂದಿನ ಆಕ್ಸಲ್ 5 ಮೀಟರ್ ತ್ರಿಜ್ಯದಲ್ಲಿ ತಿರುಗಿದ್ರೆ ಮುಂದಿನದು ಸುಮಾರು 5.57 ಮೀಟರ್ ತ್ರಿಜ್ಯದಲ್ಲಿ ತಿರುಗುತ್ತೆ. ಅರ್ಧ ಸುತ್ತಿನ ಒಂದೇ ಹೇರ್‌ಪಿನ್ನಿಗೆ ಮುಂದಿನ ಚಕ್ರ ಸುಮಾರು 1.8 ಮೀಟರ್ ಜಾಸ್ತಿ ಹೋಗಬೇಕು. ಕೆಸರಲ್ಲಿ, ಸಡಿಲ ಜಲ್ಲಿಯಲ್ಲಿ ಟೈರ್ ಸ್ವಲ್ಪ ಜಾರಿ ಈ ವ್ಯತ್ಯಾಸ ಕಳೆದುಹೋಗುತ್ತೆ. ಒಣ ಟಾರಿನಲ್ಲಿ ಟೈರ್ ಸುಲಭಕ್ಕೆ ಜಾರಲ್ಲ. ಆ ಒತ್ತಡವೆಲ್ಲ ಶಾಫ್ಟ್‌ಗಳಲ್ಲಿ ತಿರುಚಿಕೊಂಡು ಕೂರುತ್ತೆ, ಬಟ್ಟೆ ಹಿಂಡಿದ ಹಾಗೆ. ಟ್ರಾನ್ಸ್‌ಫರ್ ಕೇಸ್ ಒಳಗಿನ ಹಲ್ಲುಗಳು ಒಂದನ್ನೊಂದು ಅದುಮಿ ಹಿಡಿಯುತ್ತವೆ. ಲಿವರ್ ಎಷ್ಟು ಎಳೆದ್ರೂ ಆ ಹಲ್ಲು ಜಾರಲ್ಲ. ಇದನ್ನ ವೈಂಡ್ ಅಪ್ ಅಂತಾರೆ. ಅಂದ್ರೆ ಲಿವರ್ ಬರದಿದ್ರೆ ಒಳಗೆ ಏನೋ ಮುರಿದಿದೆ ಅಂತಲೇ ಅರ್ಥ ಅಲ್ಲ.

5/9
ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗದಿದ್ರೆ ನಾವು ಲೆಡ್ಜರ್ ಹರಿದು ಹೊಸದು ತರ್ತೀವಾ? ವ್ಯತ್ಯಾಸವನ್ನ ಸಸ್ಪೆನ್ಸ್ ಅಕೌಂಟಿಗೆ ಹಾಕಿ, ಎಂಟ್ರಿ ಎಲ್ಲಿ ತಪ್ಪಿದೆ ಅಂತ ಒಂದೊಂದೇ ಹುಡುಕ್ತೀವಿ. ಇಲ್ಲೂ ಹಾಗೇ ಹುಡುಕಬೇಕು, ಅಗ್ಗದ್ದರಿಂದ ಶುರು ಮಾಡಿ ದುಬಾರಿಗೆ ಹೋಗಬೇಕು. ಸೇವ್ ಮಾಡಿಟ್ಕೊಳ್ಳಿ:

ಒಂದು. ನಿಜವಾಗಲೂ ಫೋರ್ ಹೈನಲ್ಲಿದೆಯಾ, ಇಲ್ಲಾ ಲೈಟ್ ಮಾತ್ರ ಉರೀತಿದೆಯಾ ನೋಡಿ. ಖಾಲಿ ಜಾಗದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ತುಂಬಾ ನಿಧಾನ ಸ್ವಲ್ಪ ದೂರ ಚಲಿಸಿ. ಗಾಡಿ ತಡೆದು ತಡೆದು ಹೋದ್ರೆ ಲಾಕ್ ಬಿಟ್ಟಿಲ್ಲ. ಸಲೀಸಾಗಿ ಹೋದ್ರೆ ಸ್ವಿಚ್ಚು, ವೈರು ನೋಡಿಸಿ.

ಎರಡು. ಮಣ್ಣಿನ ನೆಲಕ್ಕೆ ತಗೊಂಡು ಹೋಗಿ. ಸ್ಟೀರಿಂಗ್ ನೇರ ಇಟ್ಟು ಹತ್ತು ಮೀಟರ್ ನಿಧಾನ ರಿವರ್ಸ್ ಹೋಗಿ, ಆಕ್ಸಿಲರೇಟರ್ ಬಿಟ್ಟು, ಕ್ಲಚ್ ಒತ್ತಿ, ಲಿವರನ್ನ ಮೆಲ್ಲಗೆ ತಳ್ಳಿ. ಬರದಿದ್ರೆ ಮುಂದೆ ಸ್ವಲ್ಪ, ಹಿಂದೆ ಸ್ವಲ್ಪ, ಇನ್ನೊಂದು ಸಲ. ಜೋರು ಮಾಡಬೇಡಿ, ಲಿಂಕೇಜ್ ಬಾಗುತ್ತೆ. ಚಕ್ರ ಜಾಕಿ ಮೇಲೆ ಎತ್ತೋ ಸಾಹಸ ಒಬ್ಬರೇ ಮಾಡಬೇಡಿ. ಬಿಗಿದ ಒತ್ತಡ ಬಿಟ್ಟಾಗ ಎತ್ತಿದ ಚಕ್ರ ಒಮ್ಮೆಲೇ ತಿರುಗಬಹುದು.

ಮೂರು. ನಾಲ್ಕೂ ಟೈರ್ ನೋಡಿ: ಸೈಜು, ಸವೆತ, ಗಾಳಿ.

ನಾಲ್ಕು. ಗಾಡಿ ಕೆಳಗೆ ಲಿವರಿನ ಲಿಂಕೇಜ್‌ಗೆ ಕೆಸರು, ತುಕ್ಕು ಹಿಡಿದಿದೆಯಾ ನೋಡಿ.

ಐದು. ಸ್ವಿಚ್ ತಿರುಗಿಸೋ ಗಾಡಿ ಆದ್ರೆ ಫ್ಯೂಸು, ಶಿಫ್ಟ್ ಮೋಟರ್. ಮುಂದಿನ ಹಬ್ ವ್ಯಾಕ್ಯೂಮ್‌ನಲ್ಲಿ ಕೆಲಸ ಮಾಡೋ ಗಾಡಿ ಆದ್ರೆ ರಬ್ಬರ್ ಪೈಪ್ ಬಿರುಕು ಬಿಟ್ಟಿದೆಯಾ, ಕಳಚಿದೆಯಾ ನೋಡಿ.

ಆರು. ಟ್ರಾನ್ಸ್‌ಫರ್ ಕೇಸ್ ಆಯಿಲ್ ಮಟ್ಟ.

ಏಳು. ಇದೆಲ್ಲಾ ಆದ ಮೇಲೂ ಬರದಿದ್ರೆ ಆಗ ಬಿಚ್ಚಿಸಿ. ಒಳಗೆ ಶಿಫ್ಟ್ ಫೋರ್ಕ್ ಬಾಗಿರಬಹುದು, ಅದೂ ಆಗುತ್ತೆ. ಆದ್ರೆ ಅದು ಏಳನೇ ಮಾತು. ನಮ್ಮ ಮನೇಲಿ ಮೊದಲನೇ ಮಾತೇ ಅದಾಗಿತ್ತು.

6/9
ಗುರುವಾರ ನಮ್ಮ ಅಕ್ಕ ಫೋನ್ ಮಾಡಿ ಸಂಬಳ ಹಿಡಿಯೋ ವಿಷಯ ಹೇಳಿದ್ಲು. ಡ್ರೈವರ್ ಅಣ್ಣನ ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ನಂಗೆ ಊಟ ಸೇರಲಿಲ್ಲ. ದೊಡ್ಡಪ್ಪನಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ. ಬೈಗುಳ ಬಿತ್ತು, ಬೀಳಲೇಬೇಕಿತ್ತು. ಆಮೇಲೆ, "ಆಯ್ತು, ರಿವರ್ಸ್ ತಗೊಂಡು ನೋಡು ಮಾರಾಯ" ಅಂತ ಅಣ್ಣನಿಗೆ ಹೇಳಿದ್ರಂತೆ. ಕಣದ ಕೆಂಪು ಮಣ್ಣಿನಲ್ಲಿ ಹತ್ತು ಮೀಟರ್ ಹಿಂದೆ ಹೋದ್ರು. ಟಕ್ ಅಂತ ಲಿವರ್ ಬಂತು.

ಅಣ್ಣ ಅಲ್ಲಿಗೇ ಬಿಡಲಿಲ್ಲ, ಸ್ಕೇಲ್ ತಂದು ಟೈರ್ ಅಳೆದ್ರು. ಹಿಂದಿನ ಎರಡು ಟೈರ್ ಹೊಸದು, ಗುಂಡಿ 8 ಮಿ.ಮೀ. ಮುಂದಿನವು ಹಳೇವು, 3 ಮಿ.ಮೀ. ತ್ರಿಜ್ಯದಲ್ಲಿ 5 ಮಿ.ಮೀ. ವ್ಯತ್ಯಾಸ. 370 ಮಿ.ಮೀ. ತ್ರಿಜ್ಯದ ಟೈರಿಗೆ ಅದು ಸುಮಾರು ಶೇ. 1.3. ಕಾಗದದ ಲೆಕ್ಕದಲ್ಲಿ, ನೇರ ರೋಡಲ್ಲೂ ಒಂದು ಕಿಲೋಮೀಟರಿಗೆ 13 ಮೀಟರ್ ಹತ್ತಿರ ವ್ಯತ್ಯಾಸ. ಇದರ ಮೇಲೆ ಹೇರ್‌ಪಿನ್ನುಗಳ ಲೆಕ್ಕ ಬೇರೆ. ದುಡ್ಡು ಉಳಿಸೋಕೆ ಎರಡೇ ಟೈರ್ ಹಾಕಿಸಿದ್ದು ಮಾಲೀಕರ ತೀರ್ಮಾನ. ಒಣ ರೋಡಲ್ಲಿ ಫೋರ್ ಹೈ ಹಾಕಿದ್ದು ನನ್ನ ಶೋಕಿ. ದಂಡ ಮಾತ್ರ ಎರಡೂ ಮಾಡದವರಿಗೆ.

7/9
ಈಗ ನೀವು ಹೇಳೋದು ಗೊತ್ತು. "ಘಾಟಿಯಲ್ಲಿ ಫೋರ್ ಹೈ ಸೇಫ್ ಅಲ್ವಾ ಗುರು?" ಒಣ ಟಾರಿನಲ್ಲಿ ಅಲ್ಲ. ಬ್ರೇಕ್ ನಾಲ್ಕೂ ಚಕ್ರಕ್ಕೆ ಮೊದಲೇ ಇದೆ, ಫೋರ್ ಹೈ ಹಾಕಿದ್ರೆ ಹೊಸ ಬ್ರೇಕ್ ಬರಲ್ಲ. ತಿರುವಿನಲ್ಲಿ ಸ್ಟೀರಿಂಗ್ ಬಿಗಿಯಾಗೋದು ಸೇಫ್ಟಿಯೂ ಅಲ್ಲ.

"ನಮ್ಮಪ್ಪನ ಕಾರು ಯಾವಾಗ್ಲೂ ನಾಲ್ಕು ಚಕ್ರದಲ್ಲೇ ಓಡುತ್ತೆ, ಏನೂ ಆಗಿಲ್ಲ." ಅದು ಆಲ್ ವೀಲ್ ಡ್ರೈವ್. ಅದರಲ್ಲಿ ಸೆಂಟರ್ ಡಿಫರೆನ್ಷಿಯಲ್ಲೋ ಕ್ಲಚ್ಚೋ ಇರುತ್ತೆ, ವ್ಯತ್ಯಾಸವನ್ನ ಅದು ನುಂಗಿಕೊಳ್ಳುತ್ತೆ. ನಿಮ್ಮದು ಯಾವುದು ಅಂತ ಓನರ್ಸ್ ಮ್ಯಾನ್ಯುಯಲ್ ತೆಗೆದು ನೋಡಿ. ಗ್ಲೌವ್ ಬಾಕ್ಸಲ್ಲಿ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಇಟ್ಟಿರ್ತೀರಿ, ನಂಗೊತ್ತು.

"ಫೋರ್ ಬೈ ಫೋರ್ ಕೊಂಡಿರೋದೇ ಯಾಕೆ ಮತ್ತೆ?" ಜೂನ್ ಆದ ಮೇಲೆ ತೋಟದ ರಸ್ತೆಗೆ ಬನ್ನಿ, ಯಾಕೆ ಅಂತ ಗೊತ್ತಾಗುತ್ತೆ. ಕಾರ್ಮಿಕರನ್ನ, ಗೊಬ್ಬರದ ಮೂಟೆನ, ಕೆಲವೊಮ್ಮೆ ಹೆರಿಗೆ ನೋವು ಬಂದವರನ್ನ ಆ ಕೆಸರು ದಾಟಿಸೋಕೆ ಇರೋ ಲಿವರ್ ಅದು. ರೀಲ್‌ನಲ್ಲಿ ಲೈಟ್ ತೋರಿಸೋಕೆ ಅಲ್ಲ.

8/9
"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಅಂತ ಗಾದೆ ಇದೆ. ನಮ್ಮ ಕಾಲಕ್ಕೆ ಅದನ್ನ ಸ್ವಲ್ಪ ಬದಲಾಯಿಸಬೇಕು: ಓಡಿಸೋಕೆ ಬಾರದವನು ಡ್ರೈವರ್ ಡೊಂಕು ಅಂದ.

ಗಾಡಿ ಕೆಟ್ರೆ ನಮ್ಮ ಮನೆಗಳಲ್ಲಿ ಮೊದಲು ಕೇಳೋ ಪ್ರಶ್ನೆ "ಏನಾಗಿದೆ?" ಅಲ್ಲ, "ಯಾರು ಹಾಳು ಮಾಡಿದ್ದು?" ಆ ಪ್ರಶ್ನೆಗೆ ಉತ್ತರ ಯಾವಾಗಲೂ ಮನೇಲಿ ಅತಿ ಕಡಿಮೆ ಸಂಬಳ ತಗೊಳ್ಳೋರ ಹೆಸರೇ ಆಗಿರುತ್ತೆ. ಮಿಕ್ಸಿ ಕೆಟ್ರೆ ಕೆಲಸದಕ್ಕ, ಪಂಪ್‌ಸೆಟ್ ಕೆಟ್ರೆ ತೋಟದಾಳು, ಜೀಪ್ ಕೆಟ್ರೆ ಡ್ರೈವರ್. ಅವರಿಗೆ ಯಂತ್ರ ಗೊತ್ತಿಲ್ಲ ಅಂತ ನಾವೇ ತೀರ್ಮಾನ ಮಾಡಿರ್ತೀವಿ. ದಿನಾ ಅದನ್ನ ಕೈಯಲ್ಲಿ ಹಿಡಿಯೋರು ಅವರೇ.

9/9
ಸಂಬಳ ಹಿಡಿಯಲಿಲ್ಲ. ಗೆಸ್ಟ್ ಬಾಡಿಗೆ ಹೋದ ಮೂರು ದಿನದ ಭತ್ಯೆ ಮಾತ್ರ ಅಣ್ಣನಿಗೆ ಸಿಕ್ಕಿರಲಿಲ್ಲ, ಅದನ್ನ ನನ್ನ ಪಾಕೆಟ್ ಮನಿಯಿಂದ ಕೊಟ್ಟೆ. ದೊಡ್ಡ ಮನಸ್ಸು ಅಂತ ಯಾರೂ ಹೇಳಬೇಡಿ, ಅದು ಸಾಲ ತೀರಿಸಿದ್ದು. ಮುಂದಿನ ಎರಡು ಟೈರೂ ಬದಲಾದವು. ಆ ರೀಲ್ ಡಿಲೀಟ್ ಮಾಡಿದೀನಿ.

ಕ್ಷಮೆ ಕೇಳೋಕೆ ಹೋದಾಗ ಅಣ್ಣ ನಕ್ಕು ಹೇಳಿದ್ದು ಇಷ್ಟೇ: "ಎಳೆದಿದ್ದು ನೀನೇ ಅಂತ ಭಾನುವಾರ ಸಂಜೆನೇ ಗೊತ್ತಿತ್ತು ಕಣೋ. ಸೀಟ್ ಮುಂದೆ ಎಳೆದಿತ್ತು." ಗೊತ್ತಿದ್ದೂ ಅವರು ಮೂರು ದಿನ ನನ್ನ ಹೆಸರು ಹೇಳಿರಲಿಲ್ಲ.

ಇನ್ಮೇಲೆ ಯಾರದ್ದಾದ್ರೂ ಲಿವರ್ ಸಿಕ್ಕಿಕೊಂಡ್ರೆ ಮೊದಲು ರಿವರ್ಸ್ ಹೋಗಿ ನೋಡಿ. ಯಾರ ಮೇಲಾದ್ರೂ ತಪ್ಪು ಹೊರಿಸಿದ್ರೆ ಅದರಿಂದಲೂ ಹತ್ತು ಮೀಟರ್ ರಿವರ್ಸ್ ಹೋಗಿ.