ದುರ್ಜನರ ಗೋಷ್ಠಿ

ಕೆಲವು ತಿಂಗಳುಗಳಿಂದ ನಮ್ಮ ಮನೆಯಲ್ಲಿ ರಾತ್ರಿಯ ಊಟವಾದ ಬಳಿಕ ಒಂದು ವಿಚಿತ್ರವಾದ ಗೋಷ್ಠಿ ನೆರೆಯುತ್ತಿದೆ. ಅದರ ಸದಸ್ಯರು ಐವರು. ಆ ಐವರಲ್ಲಿ ಆಡಿದ ಮಾತಿಗೆ ನಿಲ್ಲುವವರು ಒಬ್ಬರಿಲ್ಲ. ಪರರ ದುಃಖಕ್ಕೆ ಕರಗುವವರು ಒಬ್ಬರಿಲ್ಲ. ಅವರು ನಮ್ಮ ನೆಂಟರೂ ಅಲ್ಲ, ನೆರೆಯವರೂ ಅಲ್ಲ; ಅಮೆರಿಕದ ಟೆಲಿವಿಷನ್ ಪ್ರಹಸನವೊಂದರ ಪಾತ್ರಗಳು. ಅವರನ್ನು ಮನೆಗೆ ಕರೆತಂದವಳು ನನ್ನ ತಮ್ಮನ ಮಗಳು. ಬೀದಿಯ ನಾಯಿಗೂ ಒಂದು ತುತ್ತು ಅನ್ನವಿಟ್ಟ ಹೊರತು ತಾನು ಉಣ್ಣದ ಹುಡುಗಿ ಅವಳು. ಇಂಥವಳಿಗೆ ಈ ದುರ್ಜನರಲ್ಲಿ ಇಷ್ಟು ಭಕ್ತಿ ಏತಕ್ಕೆ ಎಂದು ನಾನು ಆಕ್ಷೇಪಿಸಿದಾಗ, “ದೊಡ್ಡಪ್ಪ, ಮೊದಲು ನಾಲ್ಕು ಕಂತು ನೋಡಿ, ಆಮೇಲೆ ಬೈಯಿರಿ” ಎಂದಳು. ನೋಡಿದೆನು. ಬೈಯುವುದಕ್ಕೆ ಮೊದಲೇ ನಕ್ಕೆನು. ನಕ್ಕ ಮೇಲೆ ನಾಚಿದೆನು. ಆ ನಗೆಗೂ ಆ ನಾಚಿಕೆಗೂ ಇರುವ ಸಂಬಂಧವನ್ನು ವಿಚಾರಿಸುವುದೇ ಈ ತಿಂಗಳ ಬರವಣಿಗೆಯ ಉದ್ದೇಶವಾಗಿದೆ.

ಆ ಪ್ರಹಸನದ ಹೆಸರು ‘ಇಟ್ಸ್ ಆಲ್ವೇಸ್ ಸನ್ನಿ ಇನ್ ಫಿಲಡೆಲ್ಫಿಯಾ’; ಎಂದರೆ, ಫಿಲಡೆಲ್ಫಿಯಾ ನಗರದಲ್ಲಿ ಸದಾ ಹೊಂಬಿಸಿಲು. ರಾಬ್ ಮೆಕೆಲ್ಹೆನ್ನಿ ಎಂಬ ನಟನು ಗೆಳೆಯರಾದ ಗ್ಲೆನ್ ಹೋವರ್ಟನ್, ಚಾರ್ಲಿ ಡೇ ಇವರೊಡನೆ ಸೇರಿ, ಸಣ್ಣದೊಂದು ಕೈ ಕ್ಯಾಮೆರಾದಿಂದ, ಅತ್ಯಲ್ಪ ವೆಚ್ಚದಲ್ಲಿ ಮೊದಲ ಮಾದರಿಯನ್ನು ಸಿದ್ಧಪಡಿಸಿದನು. ಎಫ್‌ಎಕ್ಸ್ ಎಂಬ ವಾಹಿನಿಯಲ್ಲಿ ಪ್ರಸಾರವು ಮೊದಲಾದುದು 2005ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ. ಮರುವರ್ಷ ಹೆಸರಾಂತ ನಟ ಡ್ಯಾನಿ ಡಿವಿಟೊ ಬಂದು ಸೇರಿದನು. ಕಥೆಯೆಂದರೆ ಇಷ್ಟೆ: ಡೆನಿಸ್ ಮತ್ತು ಡೀ ಎಂಬ ಅವಳಿ ಅಣ್ಣತಂಗಿಯರು, ಅವರ ಗೆಳೆಯರಾದ ಮ್ಯಾಕ್ ಮತ್ತು ಚಾರ್ಲಿ, ಅವಳಿಗಳನ್ನು ಸಾಕಿದ ತಂದೆ ಫ್ರ್ಯಾಂಕ್, ಈ ಐವರು ಕೂಡಿ ಗಿರಾಕಿಯೇ ಬಾರದ ಒಂದು ಮದ್ಯದಂಗಡಿಯನ್ನು ನಡೆಸುತ್ತಾರೆ. ಪ್ರತಿ ಕಂತಿನಲ್ಲಿಯೂ ಒಂದು ಹೊಸ ದುರಾಸೆ, ಒಂದು ಹೊಸ ಕುತಂತ್ರ, ಕಡೆಗೆ ಒಂದು ಹೊಸ ಮುಖಭಂಗ.

ಇಲ್ಲಿ ಒಂದು ಸ್ವಾರಸ್ಯವುಂಟು. ಅಮೆರಿಕದಲ್ಲಿ 1952ರಿಂದ 1966ರ ವರೆಗೆ ‘ದಿ ಅಡ್ವೆಂಚರ್ಸ್ ಆಫ್ ಆಸೀ ಅಂಡ್ ಹ್ಯಾರಿಯೆಟ್’ ಎಂಬ ಪ್ರಹಸನವು 14 ಸೀಸನ್‌ಗಳ ಕಾಲ ನಡೆಯಿತು. ಅದರಲ್ಲಿ ನೆಲ್ಸನ್ ಎಂಬ ನಿಜವಾದ ಸಂಸಾರವೇ ಬಣ್ಣ ಹಚ್ಚಿ, ಸೌಮ್ಯವಾದ, ಜಗಳವಿಲ್ಲದ ಆದರ್ಶ ಗೃಹಸ್ಥ ಜೀವನವನ್ನು ಅಭಿನಯಿಸುತ್ತಿತ್ತು. ಸೀಸನ್‌ಗಳ ಎಣಿಕೆಯಲ್ಲಿ ಅದರ ದಾಖಲೆಯನ್ನು ಅರ್ಧ ಶತಮಾನ ಕಳೆದರೂ ಆ ಬಗೆಯ ಯಾವ ಪ್ರಹಸನವೂ ಮೀರಲಿಲ್ಲ. 2021ನೆಯ ಡಿಸೆಂಬರಿನಲ್ಲಿ ತನ್ನ 15ನೆಯ ಸೀಸನ್ನನ್ನು ಆರಂಭಿಸಿ ಅದನ್ನು ಮೀರಿದುದು ಯಾವುದು? ನಮ್ಮ ಈ ದುರ್ಜನರ ಗೋಷ್ಠಿಯೇ! 2025ರಲ್ಲಿ ಅದರ 17ನೆಯ ಸೀಸನ್ ಹೊರಬಿದ್ದಿತು. ಸಜ್ಜನರ ಸಂಸಾರಕ್ಕಿಂತ ದುರ್ಜನರ ಕೂಟವನ್ನು ಜನರು ಹೆಚ್ಚು ಕಾಲ ಸಾಕಿದರೆಂದ ಮೇಲೆ, ಲೋಕದ ರುಚಿಯೇ ಕೆಟ್ಟಿತೆಂದು ಹೇಳಿಬಿಡುವುದು ಸುಲಭ. ಆದರೆ ಅದು ವಿಚಾರವಾಗಲಾರದು.

ನಗೆಯು ಒಳ್ಳೆಯವರಿಂದಲೇ ಹುಟ್ಟಬೇಕೆಂಬ ನಿಯಮವನ್ನು ನಮ್ಮ ಹಿರಿಯರೂ ವಿಧಿಸಿದವರಲ್ಲ. ಭರತಮುನಿಯ ನಾಟ್ಯಶಾಸ್ತ್ರದಲ್ಲಿ ಹಾಸ್ಯರಸದ ಕಾರಣಗಳನ್ನು ಎಣಿಸುವಾಗ, ವಿಕಾರವಾದ ವೇಷಭೂಷಣಗಳ ಜೊತೆಗೆ ಧಾರ್ಷ್ಟ್ಯ, ಲೌಲ್ಯ, ಅಸತ್ಪ್ರಲಾಪ ಎಂಬಿವೂ ಬಂದಿವೆ. ಎಂದರೆ ನಾಚಿಕೆಗೆಟ್ಟ ದಿಟ್ಟತನ, ಆಸೆಬುರುಕತನ, ಹುರುಳಿಲ್ಲದ ಹರಟೆ. ಈ ಮದ್ಯದಂಗಡಿಯಲ್ಲಿ ಮೂರೂ ಯಥೇಚ್ಛವಾಗಿ ದೊರೆಯುತ್ತವೆ. ಆದರೆ ಇಷ್ಟರಿಂದ ನಗೆಯ ಕಾರಣ ತಿಳಿಯಿತೇ ಹೊರತು ಭಕ್ತಿಯ ಕಾರಣ ತಿಳಿಯಲಿಲ್ಲ. ಒಂದು ಸಂಜೆ ನಗುವುದು ಬೇರೆ, ಇಪ್ಪತ್ತು ವರ್ಷ ಜೊತೆಬಿಡದೆ ಇರುವುದು ಬೇರೆ.

ನನಗೆ ಹೊಳೆದ ಕಾರಣವಿದು. ಈ ಐವರ ವಿಶೇಷವು ಅವರ ಕೆಟ್ಟತನದಲ್ಲಿಲ್ಲ. ತಾವು ಕೆಟ್ಟವರಲ್ಲವೆಂದು ತಮ್ಮನ್ನು ತಾವೇ ನಂಬಿಸಿಕೊಳ್ಳುವ ಜಾಣತನದಲ್ಲಿದೆ. ಅನೇಕ ಕಂತುಗಳ ಆರಂಭದಲ್ಲಿ ಒಬ್ಬರು “ಅಂಥ ಕೆಲಸವನ್ನು ನಾವು ಎಂದಿಗೂ ಮಾಡುವವರಲ್ಲ” ಎಂಬರ್ಥದ ಮಾತನ್ನಾಡುತ್ತಾರೆ. ಮರುಕ್ಷಣವೇ ಅದೇ ಕೆಲಸವನ್ನು ಮಾಡಿದರೆಂದು ಸಾರುವ ಶೀರ್ಷಿಕೆಯು ಪರದೆಯ ಮೇಲೆ ಮೂಡುತ್ತದೆ, ಹಿನ್ನೆಲೆಯಲ್ಲಿ ಮದುವೆಮನೆಗೆ ಒಪ್ಪುವಂಥ ಇಂಪಾದ ವಾದ್ಯಸಂಗೀತ. 2008ರ ಒಂದು ಕಂತಿನಲ್ಲಿ ಪೆಟ್ರೋಲಿನ ಬೆಲೆ ಏರಿತೆಂದು ಮ್ಯಾಕ್, ಡೆನಿಸ್, ಚಾರ್ಲಿ ಮೂವರೂ ಪೀಪಾಯಿಗಟ್ಟಲೆ ಪೆಟ್ರೋಲು ಕೂಡಿಟ್ಟು ಮನೆಮನೆಗೆ ಮಾರಹೊರಡುತ್ತಾರೆ. ತಮ್ಮಲ್ಲಿ ಬುದ್ಧಿವಂತನು ಯಾರು, ರೂಪವಂತನು ಯಾರು ಎಂಬ ಚರ್ಚೆಯೇ ವ್ಯಾಪಾರಕ್ಕಿಂತ ದೊಡ್ಡದಾಗುತ್ತದೆ. ಕಡೆಗೆ ಯಾರಿಗೂ ತಿಳಿಯದಂತೆ ನಡೆಯುವುದೇ ತನ್ನ ಪಾತ್ರವೆಂದು ನಂಬಿದ ಚಾರ್ಲಿ ತಾವು ಕುಳಿತ ವಾಹನದ ಬ್ರೇಕನ್ನೇ ಕತ್ತರಿಸಿ, ಚಲಿಸುತ್ತಿರುವಾಗಲೇ ಹೊರಗೆ ಹಾರುತ್ತಾನೆ. ಪ್ರತಿಯೊಂದು ಮೂರ್ಖತನಕ್ಕೂ ಅವರ ಬಳಿ ಒಂದು ನ್ಯಾಯವುಂಟು, ಒಂದು ಭಾಷಣವುಂಟು.

ಆ ಭಾಷಣಗಳನ್ನು ಕೇಳುತ್ತಿದ್ದಂತೆ ನನ್ನ ನಗೆ ನಿಂತಿತು. ನಮ್ಮ ತಾಯಿಯವರು ತೀರಿಕೊಂಡ ವರ್ಷ, ಮನೆಯ ಪಾತ್ರೆಪದಾರ್ಥಗಳನ್ನು ಹಂಚಿಕೊಳ್ಳಲು ನಾವು ಒಡಹುಟ್ಟಿದವರು ಕುಳಿತಿದ್ದೆವು. ಬಚ್ಚಲುಮನೆಯ ತಾಮ್ರದ ಹಂಡೆಯನ್ನು ನನ್ನ ತಂಗಿ ಕೇಳಿದಳು. ನಾನು ಎದ್ದು ನಿಂತು, ಹಿರಿಯ ಮಗನ ಕರ್ತವ್ಯವೇನು, ತಾಯಿಯ ನೆನಪು ಮೂಲ ಮನೆಯಲ್ಲಿಯೇ ಏಕೆ ಉಳಿಯಬೇಕು ಎಂದು ಅರ್ಧ ಗಂಟೆ ಉಪನ್ಯಾಸ ಮಾಡಿದೆನು. ತಂಗಿ ಮರುಮಾತಾಡಲಿಲ್ಲ. ಹಂಡೆ ನನಗೆ ಉಳಿಯಿತು. ಒಂದು ದಿನವೂ ಅದರಲ್ಲಿ ನೀರು ಕಾಯಲಿಲ್ಲ. ಅಂದಿನಿಂದ ಅಟ್ಟದ ಮೇಲೆ ಬೋರಲಾಗಿ ಬಿದ್ದಿದೆ. ಆ ದಿನದ ನನ್ನ ಭಾಷಣವನ್ನು ಯಾರಾದರೂ ಚಿತ್ರಿಸಿಕೊಂಡಿದ್ದರೆ ಆ ಮದ್ಯದಂಗಡಿಯ ಮೇಜಿನ ಬಳಿ ನನಗೂ ಒಂದು ಪೀಠ ದೊರೆಯುತ್ತಿತ್ತು. ಸಜ್ಜನರ ಕಥೆಗಳನ್ನು ಓದುವಾಗ ನಾವು ನಾಯಕನ ಪಕ್ಕದಲ್ಲಿ ನಿಂತು ಮೆಚ್ಚಿಕೊಳ್ಳುತ್ತೇವೆ. ದುರ್ಜನರ ಕಥೆಯಲ್ಲಿ ಮಾತ್ರ ನಮ್ಮ ವಾದವನ್ನು ನಾವೇ ಹೊರಗೆ ನಿಂತು ಕೇಳುವ ಅವಕಾಶವುಂಟು. ಉಪದೇಶಕನು ಹೇಳಿದರೆ ಸಿಟ್ಟು ಬರುವ ಸತ್ಯವು ಇಲ್ಲಿ ನಗೆಯಾಗಿ ಬರುತ್ತದೆ.

ಎರಡನೆಯ ಕಾರಣ, ಈ ಪ್ರಹಸನವು ನೋಡುವವರಿಗೆ ಸುಳ್ಳು ಹೇಳುವುದಿಲ್ಲ. ಕಡೆಯ ಎರಡು ನಿಮಿಷದಲ್ಲಿ ಕೆಟ್ಟವನು ಕಣ್ಣೀರಿಟ್ಟು ಒಳ್ಳೆಯವನಾಗುವ ಪದ್ಧತಿ ಇಲ್ಲಿಲ್ಲ. ಎಲ್ಲಿ ನಗಬೇಕೆಂದು ಸೂಚಿಸುವ ಮುದ್ರಿತ ನಗೆಯ ಸದ್ದೂ ಇಲ್ಲ. ತಪ್ಪು ಯಾವುದು, ಸರಿ ಯಾವುದು ಎಂಬುದನ್ನು ನೋಡುವವನೇ ಬಲ್ಲನೆಂದು ನಂಬಿ ನಡೆಯುತ್ತದೆ. ಹಾಗೆಂದು ಪಾಪಕ್ಕೆ ಫಲವಿಲ್ಲವೆ? ಉಂಟು. ‘ಮಾಡಿದ್ದುಣ್ಣೋ ಮಹಾರಾಯ’ ಎಂಬ ನಮ್ಮ ಗಾದೆ ಅಲ್ಲಿಯೂ ನಡೆಯುತ್ತದೆ. ಆ ಐವರು ಹೊರಟಲ್ಲಿಗೇ ಬಂದು ನಿಲ್ಲುತ್ತಾರೆ. ಅಷ್ಟೇ ಅಲ್ಲ, ಅವರು ಇತರರಿಗೆ ಮಾಡಿದ ಕೇಡನ್ನೂ ಮರೆಸುವುದಿಲ್ಲ. 2006ರಲ್ಲಿ ಕ್ರಿಕೆಟ್ ಎಂಬ ಅಡ್ಡಹೆಸರಿನ ಒಬ್ಬ ಪಾದ್ರಿ ಕಾಣಿಸಿಕೊಂಡನು. ಡೀಯ ಮೋಹದಿಂದ ದೀಕ್ಷೆಯನ್ನು ತೊರೆದ ಆತನು ವರ್ಷ ವರ್ಷಕ್ಕೂ ಕೆಳಗಿಳಿದು, ಬೀದಿಪಾಲಾಗಿ, ಮಾದಕ ವಸ್ತುಗಳಿಗೆ ದಾಸನಾಗಿ, ಮುಖ ಸುಟ್ಟುಕೊಂಡು ತಿರುಗುತ್ತಾನೆ. ಐವರು ಅವನನ್ನು ಕಂಡು ನಗುತ್ತಾರೆ. ನಾವು ನಗಲೆತ್ನಿಸಿ ಸೋಲುತ್ತೇವೆ.

ಮೂರನೆಯದು, ಇಂಥ ಮರಳುಗಾಡಿನಲ್ಲಿ ಒಂದು ಹನಿ ಬಿದ್ದರೂ ಅದರ ಬೆಲೆ ಬೇರೆ. 2018ರ ಒಂದು ಕಂತಿನ ಕೊನೆಯಲ್ಲಿ, ತಾನು ಸಲಿಂಗಪ್ರೇಮಿಯೆಂಬುದನ್ನು ಮಾತಿನಲ್ಲಿ ಹೇಳಲಾರದ ಮ್ಯಾಕ್, ಸೆರೆಮನೆಯಲ್ಲಿರುವ ತಂದೆಯ ಮುಂದೆ ನೃತ್ಯದ ಮೂಲಕ ಅದನ್ನು ನಿವೇದಿಸುತ್ತಾನೆ. ಆ ನೃತ್ಯದಲ್ಲಿ ವಿನೋದದ ಸೋಂಕಿಲ್ಲ. ತಂದೆ ಮಧ್ಯದಲ್ಲಿಯೇ ಎದ್ದುಹೋಗುತ್ತಾನೆ. ಅದುವರೆಗೆ ಏನನ್ನೂ ಅರಿಯದಿದ್ದ ಮುದುಕ ಫ್ರ್ಯಾಂಕನಿಗೆ ಅರ್ಥವಾಗುತ್ತದೆ. ನಮ್ಮ ಹುಡುಗಿ ಆ ರಾತ್ರಿ ಮಾತಾಡದೆ ಎದ್ದುಹೋದಳು. ಪ್ರತಿವಾರವೂ ಅಪ್ಪಿಕೊಂಡು ಅಳುವ ಸಂಸಾರದಲ್ಲಿ ಆ ಕ್ಷಣಕ್ಕೆ ಅಷ್ಟು ತೂಕ ಬರುತ್ತಿರಲಿಲ್ಲ.

ಇದೆಲ್ಲವನ್ನೂ ಹೊಗಳಿದ ಮೇಲೆ ಎಚ್ಚರಿಕೆಯ ಮಾತನ್ನೂ ಹೇಳಬೇಕಾದುದು ನ್ಯಾಯ. ಮಕ್ಕಳೊಡನೆ ಕುಳಿತು ನೋಡುವ ವಸ್ತು ಇದಲ್ಲ. ದೊಡ್ಡವರಲ್ಲಿಯೂ ಮೂರ್ಖನನ್ನು ನೋಡಿ ನಗುವುದನ್ನು ಬಿಟ್ಟು, ಅವನ ಧಾರ್ಷ್ಟ್ಯವನ್ನೇ ಶೌರ್ಯವೆಂದು ಮೆಚ್ಚುವವರುಂಟು. ಅವರಿಗೆ ಕನ್ನಡಿಯು ಕನ್ನಡಿಯಾಗಿರದೆ ಕಿಟಕಿಯಾಗುತ್ತದೆ. ಕರ್ತೃಗಳೂ ಎಡವಿಲ್ಲವೆಂದಲ್ಲ. ಬಿಳಿಯ ಪಾತ್ರಗಳು ಮುಖಕ್ಕೆ ಬಣ್ಣ ಬಳಿದುಕೊಂಡು ಬೇರೆ ವರ್ಣದವರಂತೆ ನಟಿಸಿದ ಕೆಲವು ಕಂತುಗಳನ್ನು 2020ರಲ್ಲಿ ಪ್ರಸಾರದ ಪಟ್ಟಿಯಿಂದ ತೆಗೆದುಹಾಕಲಾಯಿತು. ಪಾತ್ರದ ಅವಿವೇಕವನ್ನು ತೋರಿಸುವುದೇ ಉದ್ದೇಶವಾಗಿದ್ದರೂ, ನೋಯುವವನಿಗೆ ನೋವು ನೋವೇ.

ಆದಕಾರಣ, ಮನೆಯ ಯುವಕರೂ ಯುವತಿಯರೂ ಇಂಥ ಪ್ರಹಸನಗಳಿಗೆ ಮನಸೋತರೆ ಹಿರಿಯರು ಹೌಹಾರಬೇಕಾದುದಿಲ್ಲ. ಅವರ ಜೊತೆಯಲ್ಲಿ ಒಂದು ಗಳಿಗೆ ಕುಳಿತು, ಯಾವ ಮಾತಿಗೆ ನಗುತ್ತಾರೆ, ಯಾವ ಮಾತಿಗೆ ನಗೆ ನಿಲ್ಲುತ್ತದೆ ಎಂಬುದನ್ನು ಗಮನಿಸಿದರೆ ಸಾಕು. ನಗೆ ನಿಲ್ಲುವ ಸ್ಥಳ ಗೊತ್ತಿರುವವರಿಗೆ ಅಪಾಯವಿಲ್ಲ.

ಫಿಲಡೆಲ್ಫಿಯಾ ಎಂಬ ಗ್ರೀಕ್ ಮಾತಿಗೆ ಸೋದರಪ್ರೇಮವೆಂದು ಅರ್ಥವಂತೆ. ನಮ್ಮ ಹುಡುಗಿ ಅದನ್ನು ಹೇಳಿ, “ದೊಡ್ಡಪ್ಪ, ಅತ್ತೆಯ ಮನೆಗೆ ಹಂಡೆ ಕಳುಹಿಸುವುದು ಯಾವಾಗ?” ಎಂದು ಕೇಳಿದಳು. ಇದನ್ನು ಬರೆಯುವ ಈ ಹೊತ್ತಿಗೂ ಅದು ಅಟ್ಟದ ಮೇಲೆಯೇ ಇದೆ. ಕಳುಹಿಸದಿರುವುದಕ್ಕೆ ನನ್ನ ಬಳಿ ಎರಡು ಮೂರು ಒಳ್ಳೆಯ ಕಾರಣಗಳಿವೆ. ಆದರೆ ಈಗೀಗ ಅವನ್ನು ಗಟ್ಟಿಯಾಗಿ ಹೇಳಲು ಬಾಯಿ ಬರುತ್ತಿಲ್ಲ.